ಮುಂದೆ ಕಟ್ಟುವುದೋ ಹಿಂದೆ ಕಟ್ಟುವುದೋ: ಮಲೆನಾಡಿನ ಮಿನಿ ಟ್ರಾಕ್ಟರ್ ಮತ್ತು ಅದರ ಸಲಕರಣೆ

ಎತ್ತಿನ ಬೇಸಾಯದಲ್ಲಿ ನೇಗಿಲು ಉಳುವವನ ಕಣ್ಣೆದುರಿಗೇ ಇರುತ್ತಿತ್ತು. ಎತ್ತು ಮುಂದೆ, ಅದರ ಹಿಂದೆ ನೇಗಿಲು, ನೇಗಿಲ ಹಿಂದೆ ಮನುಷ್ಯ. ಕುಳಕ್ಕೆ ಬೇರು ತಾಗಿತೋ ಕಲ್ಲು ತಾಗಿತೋ ಎಂಬುದು ಮೇಳಿ ಹಿಡಿದ ಕೈಗೂ ನೆಲ ನೋಡುತ್ತಿದ್ದ ಕಣ್ಣಿಗೂ ಒಟ್ಟಿಗೇ ತಿಳಿಯುತ್ತಿತ್ತು. ನಮ್ಮ ಗದ್ದೆಗಳಿಗೆ ಪವರ್ ಟಿಲ್ಲರ್ ಬಂದ ಮೇಲೂ ಈ ಕ್ರಮ ಬದಲಾಗಲಿಲ್ಲ: ಎಂಜಿನ್ ಮುಂದೆ, ರೋಟರಿ ನಡುವೆ, ಹಿಡಿಕೆ ಹಿಡಿದವನು ಹಿಂದೆ. ಕೆಲಸ ಮಾಡುವ ಸಲಕರಣೆಯನ್ನು ರೈತನ ಬೆನ್ನ ಹಿಂದಕ್ಕೆ ಕಳಿಸಿದ್ದು ಟ್ರಾಕ್ಟರ್. ಆದ್ದರಿಂದಲೇ ಟಿಲ್ಲರ್ ಬಿಟ್ಟು ಮಿನಿ ಟ್ರಾಕ್ಟರಿಗೆ ಬಂದವರು ಮೊದಲ ತಿಂಗಳಿನಲ್ಲಿ ಹೇಳಿಕೊಳ್ಳುವ ದೂರು ಎಂಜಿನ್ನಿನದ್ದಾಗಿರದೆ ಕತ್ತು ನೋವಿನದ್ದಾಗಿರುತ್ತದೆ. ಮುಂದೆ ನೋಡಿ ಓಡಿಸಬೇಕು, ಹಿಂದೆ ತಿರುಗಿ ಕೆಲಸ ನೋಡಬೇಕು.

ಈ ಕತ್ತು ನೋವಿನಿಂದಲೇ ಹುಟ್ಟುವ ಪ್ರಶ್ನೆ, ಸಲಕರಣೆಯನ್ನು ಮುಂದೆಯೇ ಕಟ್ಟಿಸಿಕೊಂಡರೆ ಏನು ಎಂಬುದು. ಮುಂದೆ ಬಕೆಟ್ಟಿನಿಂದ ಮಣ್ಣು ಗೊಬ್ಬರ ಎತ್ತುವ ಲೋಡರ್ ಕಟ್ಟಿದ, ಮುಂದೆ ಹುಲ್ಲು ಕತ್ತರಿಸುವ ಯಂತ್ರ ಕಟ್ಟಿದ ವಿದೇಶಿ ಟ್ರಾಕ್ಟರುಗಳ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ರೈತರು ಈಗ ಇದನ್ನು ಗಂಭೀರವಾಗಿಯೇ ಕೇಳುತ್ತಿದ್ದಾರೆ. ಇದನ್ನು ಅನುಕೂಲದ ಪ್ರಶ್ನೆಯೆಂದು ತಿಳಿದರೆ ಮುಂದಿನದೇ ಗೆಲ್ಲುತ್ತದೆ. ಆದರೆ ನನ್ನ ಮಟ್ಟಿಗೆ ಇದು ತೂಕದ ಪ್ರಶ್ನೆ. ಕಟ್ಟಿದ ಭಾರ ನಾಲ್ಕು ಗಾಲಿಗಳ ಮೇಲೆ ಹೇಗೆ ಹಂಚಿಕೊಳ್ಳುತ್ತದೆ, ಏರು ಇಳಿಜಾರಿನಲ್ಲಿ ಆ ಹಂಚಿಕೆ ಹೇಗೆ ಬದಲಾಗುತ್ತದೆ ಎಂಬುದು ತಿಳಿದರೆ ಯಾವ ಸಲಕರಣೆ ಎಲ್ಲಿರಬೇಕೆಂಬ ನಿರ್ಧಾರ ಬಹುಪಾಲು ತಾನಾಗಿಯೇ ಆಗುತ್ತದೆ.

ಮೊದಲು ಹಿಂದಿನ ವ್ಯವಸ್ಥೆಯನ್ನು ನೋಡೋಣ. ಟ್ರಾಕ್ಟರಿನ ಹಿಂದೆ ಕೆಳಗೆ ಎರಡು ತೋಳುಗಳು, ಮೇಲೆ ನಡುವಿನಲ್ಲಿ ಒಂದು ಟಾಪ್ ಲಿಂಕ್ ಇರುವ ಮೂರು ಕೊಂಡಿಯ ಜೋಡಣೆಯನ್ನು ರೂಪಿಸಿದವರು ಐರ್ಲೆಂಡಿನ ಹ್ಯಾರಿ ಫರ್ಗುಸನ್. ಅವರು ಇದಕ್ಕೆ ಪೇಟೆಂಟ್ ಪಡೆದದ್ದು 1926ರಲ್ಲಿ. ಹೆನ್ರಿ ಫೋರ್ಡ್ ಜೊತೆಗಿನ ಒಪ್ಪಂದದ ನಂತರ 1939ರ ಫೋರ್ಡ್ 9ಎನ್ ಟ್ರಾಕ್ಟರಿನ ಮೂಲಕ ಅದು ಎಲ್ಲೆಡೆ ಹರಡಿತು. ಅದಕ್ಕಿಂತ ಮೊದಲು, ಅಂದರೆ 1917ರಿಂದ ತಯಾರಾಗುತ್ತಿದ್ದ ಫೋರ್ಡ್‌ಸನ್ ಮುಂತಾದ ಟ್ರಾಕ್ಟರುಗಳಲ್ಲಿ, ನೇಗಿಲನ್ನು ಹಿಂದೆ ಗಾಡಿಯಂತೆ ಎಳೆಯಬೇಕಿತ್ತು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಹಿಂದಿನ ಗಾಲಿ ತಿರುಗಲಾರದೆ ನಿಂತು, ಎಂಜಿನ್ನಿನ ಬಲವೆಲ್ಲ ಟ್ರಾಕ್ಟರಿನ ಮುಂಭಾಗವನ್ನೇ ಮೇಲಕ್ಕೆತ್ತಿ ಚಾಲಕನ ಮೇಲೆ ಮಗುಚಿ ಹಾಕುತ್ತಿತ್ತು. ಫರ್ಗುಸನ್ ಕೊಂಡಿಯಲ್ಲಿ ನೇಗಿಲಿಗೆ ಮಣ್ಣು ಒಡ್ಡುವ ಪ್ರತಿರೋಧವು ಟಾಪ್ ಲಿಂಕನ್ನು ಮುಂದಕ್ಕೆ ಒತ್ತುತ್ತದೆ, ಆ ಒತ್ತಡ ಟ್ರಾಕ್ಟರಿನ ಮೂತಿಯನ್ನು ಕೆಳಕ್ಕೆ ಅದುಮುತ್ತದೆ. ಜೊತೆಗೆ ಆ ಒತ್ತಡದ ಏರಿಳಿತವನ್ನೇ ಗ್ರಹಿಸಿ ಹೈಡ್ರಾಲಿಕ್ ಲಿಫ್ಟು ನೇಗಿಲನ್ನು ಕೊಂಚ ಎತ್ತುವುದು, ಕೊಂಚ ಇಳಿಸುವುದು ಮಾಡುತ್ತದೆ. ನಾವು ಡ್ರಾಫ್ಟ್ ಲಿವರ್ ಎಂದು ಕರೆಯುವುದು ಇದನ್ನೇ. ಹೀಗೆ ನೇಗಿಲಿನ ಭಾರ ಮತ್ತು ಅದರ ಮೇಲೆ ಕವುಚಿದ ಮಣ್ಣಿನ ಭಾರ ಹಿಂದಿನ ಗಾಲಿಗಳ ಮೇಲೆ ಬಂದು ಹಿಡಿತ ಹೆಚ್ಚುತ್ತದೆ. ಹಗುರ ಟ್ರಾಕ್ಟರೊಂದು ತನ್ನ ತೂಕಕ್ಕೆ ಮೀರಿದ ಕೆಲಸ ಮಾಡುವುದು ಸಾಧ್ಯವಾದದ್ದೇ ಈ ಉಪಾಯದಿಂದ. ಮಣ್ಣಿಗೆ ಇಳಿಯುವ ಸಲಕರಣೆ ಹಿಂದೆ ಇರುವುದಕ್ಕೆ ಕಾರಣ ಬರಿಯ ರೂಢಿಯಲ್ಲ.

ಎಳೆಯುವುದಕ್ಕೂ ತಳ್ಳುವುದಕ್ಕೂ ಇನ್ನೊಂದು ವ್ಯತ್ಯಾಸವಿದೆ. ಹಗ್ಗ ಕಟ್ಟಿ ಎಳೆದ ಅಡಿಕೆ ಹಾಳೆ ಎಳೆದತ್ತ ನೆಟ್ಟಗೆ ಬರುತ್ತದೆ. ಕೋಲಿನಿಂದ ತಳ್ಳಿದ ಹಾಳೆ ಎಡಕ್ಕೋ ಬಲಕ್ಕೋ ಜಾರುತ್ತದೆ. ಹಿಂದೆ ಕಟ್ಟಿದ ನೇಗಿಲು ಅಥವಾ ಕಲ್ಟಿವೇಟರ್ ತಾನೇ ಸಾಲಿಗೆ ಬಂದು ನಿಲ್ಲುತ್ತದೆ. ಮುಂದೆ ಕಟ್ಟಿ ಮಣ್ಣಿಗೆ ಊರಿ ತಳ್ಳಿದರೆ, ಒಂದು ಕಡೆ ಗಟ್ಟಿ ನೆಲ ಸಿಕ್ಕ ಕೂಡಲೇ ಟ್ರಾಕ್ಟರಿನ ಮೂತಿ ಆ ಕಡೆಗೇ ತಿರುಗಲು ಹವಣಿಸುತ್ತದೆ, ಚಾಲಕ ಇಡೀ ದಿನ ಸ್ಟೇರಿಂಗಿನ ಜೊತೆ ಗುದ್ದಾಡಬೇಕಾಗುತ್ತದೆ. ಕೆಸರುಗದ್ದೆಯಲ್ಲಂತೂ ಯೋಚಿಸುವ ಅಗತ್ಯವೇ ಇಲ್ಲ. ತಿರುಗುವ ಬ್ಲೇಡುಗಳಿಂದ ಮಣ್ಣು ಕಲಸುವ ರೊಟವೇಟರ್ ಹಿಂದಿದ್ದರೆ ಗಾಲಿಯ ಗುರುತನ್ನು ಅದೇ ಅಳಿಸಿ ಸಾಗುತ್ತದೆ, ಮೇಲೆ ಹಲಗೆ ಹೊಡೆಯುವ ಕೆಲಸ ಹಗುರಾಗುತ್ತದೆ. ಮುಂದಿದ್ದರೆ ಹದ ಮಾಡಿದ ಕೆಸರನ್ನು ನಮ್ಮ ಗಾಲಿಯೇ ಮತ್ತೆ ತುಳಿದು ಕಾಲುವೆ ಮಾಡುತ್ತದೆ.

ಈಗ ತೂಕದ ಲೆಕ್ಕಕ್ಕೆ ಬರುತ್ತೇನೆ. ಏತದ ಮರವನ್ನು ಕಂಡವರಿಗೆ ಇದು ಕಷ್ಟವಲ್ಲ. ಆಧಾರದಿಂದ ಭಾರ ಎಷ್ಟು ದೂರವೋ ಅದರ ಪ್ರಭಾವ ಅಷ್ಟು ಹೆಚ್ಚು. ಲೆಕ್ಕಕ್ಕೆಂದು 900 ಕೆಜಿ ತೂಗುವ ಮಿನಿ ಟ್ರಾಕ್ಟರೊಂದನ್ನು ಇಟ್ಟುಕೊಳ್ಳೋಣ. ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ 1.5 ಮೀಟರ್ ಅಂತರ. ಮುಂದಿನ ಗಾಲಿಗಳ ಮೇಲೆ 360 ಕೆಜಿ, ಹಿಂದಿನವುಗಳ ಮೇಲೆ 540 ಕೆಜಿ. ಇದಕ್ಕೆ 200 ಕೆಜಿಯ ರೊಟವೇಟರ್ ಕಟ್ಟಿ ಎತ್ತಿದಾಗ, ಅದರ ತೂಕದ ಕೇಂದ್ರ ಹಿಂದಿನ ಆಕ್ಸಲ್ಲಿನಿಂದ 0.9 ಮೀಟರ್ ಹಿಂದಿದ್ದರೆ, ಮುಂದಿನ ಗಾಲಿಗಳಿಂದ 120 ಕೆಜಿ ಕಳೆಯುತ್ತದೆ. ಉಳಿಯುವುದು 240 ಕೆಜಿ. ಹಿಂದಿನ ಗಾಲಿಗಳಿಗೆ ರೊಟವೇಟರಿನ 200 ಕೆಜಿಯ ಜೊತೆಗೆ ಈ 120 ಕೆಜಿಯೂ ಸೇರಿ 860 ಆಗುತ್ತದೆ. ಸ್ಟೇರಿಂಗ್ ಮಾತು ಕೇಳಬೇಕಾದರೆ ಟ್ರಾಕ್ಟರಿನ ಸ್ವಂತ ತೂಕದ ಕನಿಷ್ಠ ಶೇ. 20ರಷ್ಟು ಮುಂದಿನ ಗಾಲಿಗಳ ಮೇಲಿರಬೇಕೆಂಬುದು ರೂಢಿಯ ನಿಯಮ. 900ರಲ್ಲಿ ಅದು 180. ಆದ್ದರಿಂದ ಸಮತಟ್ಟಿನಲ್ಲಿ 240 ಸಾಕು.

ಆದರೆ ನಮ್ಮಲ್ಲಿ ಸಮತಟ್ಟು ಎಲ್ಲಿದೆ? ಅದೇ ಟ್ರಾಕ್ಟರು ಅದೇ ರೊಟವೇಟರನ್ನು ಎತ್ತಿಕೊಂಡು, ಐದಡಿಗೆ ಒಂದಡಿ ಏರುವ ದಾರಿಯಲ್ಲಿ ಗದ್ದೆಯಿಂದ ಮನೆಗೆ ಹತ್ತುವಾಗ, ತೂಕ ಇನ್ನಷ್ಟು ಹಿಂದಕ್ಕೆ ಸರಿದು ಮುಂದಿನ ಗಾಲಿಗಳ ಮೇಲೆ ಸುಮಾರು 150 ಕೆಜಿ ಮಾತ್ರ ಉಳಿಯುತ್ತದೆ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದರೂ ಟ್ರಾಕ್ಟರ್ ನೆಟ್ಟಗೆ ಧರೆಯ ಅಂಚಿಗೆ ಹೋಗುವುದು ಹೀಗೆ. ರೊಟವೇಟರ್ ಬದಲು 350 ಕೆಜಿಯಾಗುವ ಔಷಧಿ ಟ್ಯಾಂಕ್ ಮತ್ತು ಪಂಪನ್ನು ಒಂದು ಮೀಟರ್ ಹಿಂದೆ ಕಟ್ಟಿದರೆ ಸಮತಟ್ಟಿನಲ್ಲಿಯೇ ಮುಂದೆ ಉಳಿಯುವುದು 127 ಕೆಜಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲದಲ್ಲಿ, 100 ಲೀಟರ್ ನೀರಿಗೆ ಒಂದೊಂದು ಕೆಜಿ ಮೈಲುತುತ್ತ ಸುಣ್ಣ ಎಂದು ಅಳೆದು ಸುರಿಯುವವರು, ಆ 100 ಲೀಟರ್ ಎಂದರೆ 100 ಕೆಜಿ ಎಂಬುದನ್ನು ಮಾತ್ರ ಮರೆಯುತ್ತಾರೆ. ಟ್ಯಾಂಕಿನ ನೀರು ಏರಿನಲ್ಲಿ ಹಿಂದಕ್ಕೆ ತುಳುಕುವುದು ಬೇರೆ. ದೊಡ್ಡ ಟ್ಯಾಂಕನ್ನು ಟ್ರೈಲರಿನಲ್ಲಿಟ್ಟು, ಮೂರು ಕೊಂಡಿಯಲ್ಲಿ ಪಂಪನ್ನು ಮಾತ್ರ ಕಟ್ಟಿ, ಉದ್ದನೆಯ ಪೈಪ್ ಎಳೆಯುವುದೇ ಮಲೆನಾಡಿಗೆ ಸರಿಯಾದ ಕ್ರಮ.

ಹಿಂದಿನ ಭಾರಕ್ಕೆ ಪರಿಹಾರ ಮುಂದಿನ ಬಂಪರಿಗೆ ಬೀಡುಕಬ್ಬಿಣದ ತೂಕದ ಬಿಲ್ಲೆಗಳನ್ನು ಕಟ್ಟುವುದು. ಆ ಬಿಲ್ಲೆಗಳನ್ನು ಶೋಭೆಗೆಂದು ತಿಳಿದವರಿದ್ದಾರೆ.

ಮುಂದಿನ ಸಲಕರಣೆಯ ಲೆಕ್ಕ ಇದಕ್ಕಿಂತ ಕಟುವಾದದ್ದು. ಅದೇ 900 ಕೆಜಿಯ ಟ್ರಾಕ್ಟರಿಗೆ ಮುಂದೆ ಲೋಡರ್ ಕಟ್ಟಿ, ಬಕೆಟ್ಟಿನಲ್ಲಿ 250 ಕೆಜಿ ಹಸಿ ಗೊಬ್ಬರ ಎತ್ತಿದಿರಿ ಎಂದಿಟ್ಟುಕೊಳ್ಳಿ. ಆ ಭಾರ ಮುಂದಿನ ಆಕ್ಸಲ್ಲಿನಿಂದ 1.2 ಮೀಟರ್ ಮುಂದಿದೆ. ಲೋಡರಿನ ಸ್ವಂತ ತೂಕವನ್ನು ಬಿಟ್ಟರೂ ಮುಂದಿನ ಗಾಲಿಗಳ ಮೇಲಿನ ಭಾರ 360ರಿಂದ 810 ಕೆಜಿಗೆ ಏರುತ್ತದೆ, ಹಿಂದಿನದು 540ರಿಂದ 340ಕ್ಕೆ ಇಳಿಯುತ್ತದೆ. ಟ್ರಾಕ್ಟರಿನ ಅತಿ ದುರ್ಬಲ ಭಾಗವಾದ ಮುಂದಿನ ಆಕ್ಸಲ್ಲಿಗೆ ಎರಡು ಪಟ್ಟಿಗಿಂತ ಹೆಚ್ಚಿನ ಹೊರೆ ಬೀಳುತ್ತದೆ, ಅತಿ ಬಲವಾದ ಹಿಂದಿನ ಆಕ್ಸಲ್ಲು ಹಗುರಾಗುತ್ತದೆ. ಬ್ರೇಕಿನ ವಿಷಯ ಇನ್ನೂ ಮುಖ್ಯ. ಹೆಚ್ಚಿನ ಮಿನಿ ಟ್ರಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಹಿಂದಿನ ಗಾಲಿ ಹಗುರಾದರೆ ಬ್ರೇಕ್ ತುಳಿದಾಗ ಗಾಲಿ ನಿಲ್ಲುತ್ತದೆ, ಟ್ರಾಕ್ಟರ್ ನಿಲ್ಲುವುದಿಲ್ಲ. ಮಳೆಗಾಲದ ಪಾಚಿ ಕಟ್ಟಿದ ಜಂಬಿಟ್ಟಿಗೆ ದಾರಿಯಲ್ಲಿ ಇದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಫೋರ್ ವೀಲ್ ಡ್ರೈವ್ ಹಾಕಿಕೊಂಡಿದ್ದರೆ ಮುಂದಿನ ಗಾಲಿಗಳೂ ಹಿಂದಿನವುಗಳ ಜೊತೆ ಶಾಫ್ಟಿನ ಮೂಲಕ ಬಿಗಿದುಕೊಂಡಿರುವುದರಿಂದ ಬ್ರೇಕಿನ ಹಿಡಿತ ನಾಲ್ಕಕ್ಕೂ ತಲುಪುತ್ತದೆ. ಆದ್ದರಿಂದ ಲೋಡರ್ ಕಟ್ಟಿದ ಟ್ರಾಕ್ಟರು ಇಳಿಜಾರಿನಲ್ಲಿ ಆ ಲಿವರ್ ತೆಗೆಯಲೇಬಾರದು. ಡೀಸೆಲ್ ಉಳಿಸಲು ಇಳಿಯುವಾಗ ಅದನ್ನು ತೆಗೆದಿಡುವ ಅಭ್ಯಾಸ ಕೆಲವರಲ್ಲಿದೆ. ಲೋಡರ್ ಇಲ್ಲದಿರುವಾಗಲೂ ಅದು ಒಳ್ಳೆಯದಲ್ಲ.

ಮಗುಚುವ ಅಪಾಯವೂ ಇದರ ಜೊತೆಗೇ ಬರುತ್ತದೆ. ಟ್ರಾಕ್ಟರಿನ ಮುಂದಿನ ಆಕ್ಸಲ್ ನಡುವಿನ ಒಂದೇ ಪಿನ್ನಿನ ಮೇಲೆ ತೂಗಾಡುತ್ತದೆ, ಏರುಪೇರು ನೆಲದಲ್ಲಿ ನಾಲ್ಕೂ ಗಾಲಿ ನೆಲಕ್ಕೆ ತಾಗಲೆಂದು. ಅಂದರೆ ಟ್ರಾಕ್ಟರ್ ನಾಲ್ಕು ಗಾಲಿಯ ಮೇಲೆ ನಿಂತಂತೆ ಕಂಡರೂ ಅದು ನಿಜವಾಗಿ ನಿಂತಿರುವುದು ಮುಕ್ಕಾಲಿಯಂತೆ ಮೂರೇ ಕಡೆ: ಹಿಂದಿನ ಎರಡು ಗಾಲಿ, ಮುಂದಿನ ಆ ಪಿನ್ನು. ಈ ತ್ರಿಕೋನ ಹಿಂದೆ ಅಗಲ, ಮುಂದೆ ಚೂಪು. ತೂಕದ ಕೇಂದ್ರ ಹಿಂದೆ ಇದ್ದಷ್ಟೂ ಎಡಬಲಕ್ಕೆ ಜಾಗ ಹೆಚ್ಚು. ಮುಂದೆ ಭಾರ ಹೇರಿದಷ್ಟೂ ಅದು ತ್ರಿಕೋನದ ಚೂಪಿನ ಕಡೆಗೆ ಸರಿಯುತ್ತದೆ, ಅಡ್ಡ ಇಳಿಜಾರಿನಲ್ಲಿ ಸ್ವಲ್ಪವೇ ವಾಲಿದರೂ ತ್ರಿಕೋನದ ಹೊರಗೆ ಹೋಗುತ್ತದೆ. ಬಕೆಟ್ಟನ್ನು ಮೇಲೆತ್ತಿಕೊಂಡು ಓಡಾಡಿದರೆ ಇದು ಇನ್ನೂ ಬೇಗ. ಹಿಂದೆ ಅದೇ ತೂಕ ಕಟ್ಟಿದರೆ ಟ್ರಾಕ್ಟರ್ ಮುಂಗಾಲೆತ್ತಬಹುದು, ಆದರೆ ಪಕ್ಕಕ್ಕೆ ಉರುಳುವ ಸಂಭವ ಕಡಿಮೆ.

ಮುಂದಿನ ಭಾರಕ್ಕೆ ಪರಿಹಾರ ಹಿಂದೆ ಪ್ರತಿಭಾರ. ಒಂದು ಮೊಳ ಉದ್ದ, ಒಂದು ಮೊಳ ಅಗಲ, ಒಂದು ಮೊಳ ಎತ್ತರದ ಕಾಂಕ್ರೀಟ್ ಗಟ್ಟಿಯೊಂದು ಸುಮಾರು 230 ಕೆಜಿ ತೂಗುತ್ತದೆ. ಎರಕ ಹೊಯ್ಯುವಾಗಲೇ ಕೆಳತೋಳುಗಳಿಗೂ ಟಾಪ್ ಲಿಂಕಿಗೂ ಸಿಕ್ಕುವಂತೆ ಪಿನ್ನುಗಳನ್ನು ಕೂರಿಸಿಕೊಂಡರೆ ಮೂರು ಕೊಂಡಿಯಲ್ಲಿ ಎತ್ತಿಕೊಳ್ಳಬಹುದು. ಮೇಲಿನ ಲೆಕ್ಕಕ್ಕೆ ಇದನ್ನು ರೊಟವೇಟರಿನಷ್ಟೇ ದೂರದಲ್ಲಿ, ಅಂದರೆ 0.9 ಮೀಟರ್ ಹಿಂದೆ, ಸೇರಿಸಿದರೆ ಮುಂದೆ 672, ಹಿಂದೆ 708 ಕೆಜಿ ಬರುತ್ತದೆ. ಮುಂದಿನ ಆಕ್ಸಲ್ಲಿಗೆ ಹೊರೆ ಇಳಿಯಿತು, ಬ್ರೇಕಿಗೆ ಜೀವ ಬಂತು, ತೂಕದ ಕೇಂದ್ರ ತ್ರಿಕೋನದ ಅಗಲದ ಕಡೆಗೆ ಮರಳಿತು. ಲೋಡರ್ ಕಟ್ಟುವುದೆಂದರೆ ಹಿಂದೆಯೂ ಏನನ್ನಾದರೂ ಕಟ್ಟುವುದು ಎಂದೇ ಅರ್ಥ. ಮುಂದೋ ಹಿಂದೋ ಎಂದು ಕೇಳುವವರು ಗಮನಿಸಬೇಕಾದ ಸಂಗತಿಯೆಂದರೆ, ಮುಂದಿನದನ್ನು ಆರಿಸಿಕೊಂಡವರಿಗೆ ಹಿಂದಿನದು ತಪ್ಪುವುದಿಲ್ಲ.

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ನಮ್ಮ 24 ಎಚ್‌ಪಿ ಟ್ರಾಕ್ಟರಿಗೆ ಪೇಟೆಯ ವರ್ಕ್‌ಶಾಪೊಂದರಲ್ಲಿ ಲೋಡರ್ ಮಾಡಿಸಿದ್ದೆ. ಲೋಡರಿನ ಕಾಲುಗಳನ್ನು ಮುಂದಿನ ಬಂಪರ್ ಫ್ರೇಮಿಗೂ ಎಂಜಿನ್ನಿನ ಪಕ್ಕಕ್ಕೂ ಬೋಲ್ಟ್ ಹಾಕಿ ಬಿಗಿದಿದ್ದರು. ಹಿಂದಿನ ಆಕ್ಸಲ್ಲಿನವರೆಗೆ ಹೋಗಬೇಕಾಗಿದ್ದ ಆಧಾರದ ಚೌಕಟ್ಟು ಇರಲೇ ಇಲ್ಲ. ಹಿಂದೆ ಪ್ರತಿಭಾರ ಕಟ್ಟಬೇಕೆಂದು ಅವರು ಹೇಳಲಿಲ್ಲ, ನನಗೆ ಗೊತ್ತಿರಲಿಲ್ಲ. ಮೊದಲ ವರ್ಷ ಕೊಟ್ಟಿಗೆ ಗೊಬ್ಬರ, ತೋಟಕ್ಕೆ ಹಾಕುವ ಕೆಮ್ಮಣ್ಣು, ದರಗು ಎಲ್ಲವನ್ನೂ ಸಲೀಸಾಗಿ ಎತ್ತಿತು. ಎರಡನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಸ್ಟೇರಿಂಗ್ ನಡುಗತೊಡಗಿತು. ಮುಂದಿನ ಎಡ ಗಾಲಿಯ ಒಳಗಡೆ ಎಣ್ಣೆ ಜಿನುಗಿ ಕೆಂಪು ಧೂಳು ಮೆತ್ತಿಕೊಂಡು ಹಲ್ವದಂತೆ ಗಟ್ಟಿಯಾಗಿತ್ತು. ಜಾಕ್ ಕೊಟ್ಟು ಗಾಲಿಯನ್ನು ಕೈಯಲ್ಲಿ ಅಲುಗಾಡಿಸಿದರೆ ಇಡೀ ಆಕ್ಸಲ್ ಟಕ್ ಟಕ್ ಎಂದು ಹಿಂದೆ ಮುಂದೆ ಹೋಗುತ್ತಿತ್ತು. ಬಿಚ್ಚಿ ನೋಡಿದಾಗ ನಡುವಿನ ಪಿನ್ನಿನ ಬುಶ್ ಕೆಳಗಡೆ ಮಾತ್ರ ಸವೆದು ಮೊಟ್ಟೆಯ ಆಕಾರಕ್ಕೆ ಬಂದಿತ್ತು, ಹಬ್ಬಿನ ಆಯಿಲ್ ಸೀಲ್ ಹರಿದಿತ್ತು. ಬುಶ್ಶಿನ ಬೆಲೆ ದೊಡ್ಡದಲ್ಲ. ಟ್ರಾಕ್ಟರನ್ನು ನಡುವಿನಲ್ಲಿ ಬಿಚ್ಚಿ ಜೋಡಿಸಿದ ಕೂಲಿ ದೊಡ್ಡದು.

ಹಾಗಾದರೆ ಲೋಡರ್ ಬೇಡವೇ ಎಂದರೆ, ಬೇಕು, ಎತ್ತುವ ಕೆಲಸ ದಿನವೂ ಇರುವವರಿಗೆ. ಕೊಟ್ಟಿಗೆ ದೊಡ್ಡದಿದ್ದು ಗೊಬ್ಬರದ ಗುಂಡಿಯಿಂದ ಟ್ರೈಲರಿಗೆ ತುಂಬುವುದಿದ್ದರೆ, ವರ್ಷ ಬಿಟ್ಟು ವರ್ಷ ತೋಟಕ್ಕೆ ಮಣ್ಣು ಏರಿಸುವುದಿದ್ದರೆ, ಆಳು ಸಿಗದ ಈ ಕಾಲದಲ್ಲಿ ಅದು ಮಾಡುವ ಉಪಕಾರ ದೊಡ್ಡದು. ಆದರೆ ಆ ಮಾದರಿಯ ಟ್ರಾಕ್ಟರಿಗೆಂದೇ ರೂಪಿಸಿದ, ಹಿಂದಿನ ಆಕ್ಸಲ್ಲಿನವರೆಗೆ ಚೌಕಟ್ಟು ಹೋಗುವ ಲೋಡರನ್ನೇ ಕೊಳ್ಳಬೇಕು. ಪವರ್ ಸ್ಟೇರಿಂಗ್ ಇಲ್ಲದ ಟ್ರಾಕ್ಟರಿಗೆ ಕಟ್ಟಿಸುವ ಯೋಚನೆಯನ್ನೇ ಬಿಡಬೇಕು. ವರ್ಷಕ್ಕೆ ನಾಲ್ಕು ದಿನದ ಮಣ್ಣಿನ ಕೆಲಸಕ್ಕಾದರೆ ಜೆಸಿಬಿ ಬಾಡಿಗೆಯೇ ಲಾಭ. ಸಣ್ಣ ಪುಟ್ಟ ಸಾಗಣೆಗೆ ಹಿಂದಿನ ಮೂರು ಕೊಂಡಿಗೆ ಕಟ್ಟುವ ಕಬ್ಬಿಣದ ಡಬ್ಬವೊಂದು ಸಾಕು. ಅದು ಎತ್ತರಕ್ಕೆ ಏರದು, ಆದರೆ ಅಡಿಕೆ ಗೊನೆ, ಹಾಳೆ, ಗೊಬ್ಬರದ ಚೀಲವನ್ನು ತೋಟದಿಂದ ಅಂಗಳಕ್ಕೆ ತರಲು ಎತ್ತರ ಬೇಕಾಗುವುದೂ ಇಲ್ಲ.

ಇನ್ನು ಹುಲ್ಲು ಮತ್ತು ಕಳೆ. ಮುಂದಿನ ಸಲಕರಣೆಯ ಪರವಾಗಿ ಅತ್ಯಂತ ಬಲವಾದ ವಾದ ಇರುವುದು ಇಲ್ಲಿಯೇ. ಹಿಂದೆ ಕಳೆ ಕತ್ತರಿಸುವ ಸ್ಲ್ಯಾಷರ್ ಕಟ್ಟಿ ಎದೆಮಟ್ಟದ ಕಳೆಗೆ ನುಗ್ಗಿದರೆ ಮೊದಲು ಗಾಲಿಗಳು ಅದನ್ನು ತುಳಿದು ಮಲಗಿಸುತ್ತವೆ, ಆಮೇಲೆ ಬ್ಲೇಡು ಅದರ ಮೇಲೆ ಸುಮ್ಮನೆ ಹಾದುಹೋಗುತ್ತದೆ. ಕೆಲಸ ಮುಗಿಸಿ ತಿರುಗಿ ನೋಡಿದರೆ ಎರಡು ಪಟ್ಟಿ ಹುಲ್ಲು ಮಲಗಿರುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಅದೇ ಪಟ್ಟಿ ಎದ್ದು ನಿಂತಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ, ಕಳೆಯೊಳಗೆ ಅಡಗಿದ ಮರದ ಕೊರಡು, ಹಳೆಯ ಗುಂಡಿ, ಮುಚ್ಚಿಹೋದ ಬಸಿಗಾಲುವೆಗಳನ್ನು ಮೊದಲು ಕಂಡುಹಿಡಿಯುವುದು ನಮ್ಮ ಮುಂದಿನ ಗಾಲಿ. ಮುಂದೆ ಕಟ್ಟಿದ ಕತ್ತರಿಯಾದರೆ ಕತ್ತರಿಸಿದ ನೆಲದ ಮೇಲೆಯೇ ಟ್ರಾಕ್ಟರ್ ಸಾಗುತ್ತದೆ, ಬ್ಲೇಡು ಎಲ್ಲಿದೆಯೆಂದು ಕಾಣುತ್ತದೆ.

ಆದರೆ ಮುಂದೆ ಕತ್ತರಿ ತಿರುಗಿಸಲು ಮುಂದೆ ಪಿಟಿಒ, ಅಂದರೆ ಎಂಜಿನ್ನಿನ ಶಕ್ತಿಯನ್ನು ಸಲಕರಣೆಗೆ ಕೊಡುವ ತಿರುಗುವ ಶಾಫ್ಟು, ಬೇಕು. ನಮ್ಮಲ್ಲಿ ಮಾರಾಟವಾಗುವ ಮಿನಿ ಟ್ರಾಕ್ಟರುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಹಿಂದಿನ ಪಿಟಿಒ ಜಗತ್ತಿನೆಲ್ಲೆಡೆ ಹೆಚ್ಚು ಕಡಿಮೆ ಒಂದೇ: ಆರು ಹಲ್ಲಿನ, 35 ಮಿಲಿಮೀಟರ್ ಶಾಫ್ಟು, ನಿಮಿಷಕ್ಕೆ 540 ಸುತ್ತು. ಮುಂದಿನ ಪಿಟಿಒಗಳಲ್ಲಿ 1000 ಸುತ್ತಿನವು ಹೆಚ್ಚು, ತಿರುಗುವ ದಿಕ್ಕೂ ಎಲ್ಲದರಲ್ಲಿ ಒಂದೇ ಅಲ್ಲ. ಹಿಂದಿನ ಸ್ಲ್ಯಾಷರನ್ನು ತಂದು ಮುಂದೆ ಕಟ್ಟಿದರಾಯಿತು ಎನ್ನುವಂತಿಲ್ಲ. ಮುಂದೆ ಯಂತ್ರ ಕಟ್ಟಿದಾಗ ರೇಡಿಯೇಟರಿಗೆ ಗಾಳಿ ಕಡಿಮೆಯಾಗಿ, ಹಾರಿದ ಹುಲ್ಲಿನ ಚೂರು ಜಾಲರಿಗೆ ಅಂಟಿ ಎಂಜಿನ್ ಕಾಯುವುದು ಇನ್ನೊಂದು ಕಿರಿಕಿರಿ.

ಇದಕ್ಕೆ ನಮ್ಮ ಕಡೆ ಕಂಡುಕೊಂಡ ದಾರಿ ಸರಳವಾದದ್ದು. ಕಳೆ ಎತ್ತರವಿದ್ದಲ್ಲಿ ರಿವರ್ಸ್ ಗೇರಿನಲ್ಲಿ ನುಗ್ಗುವುದು. ಆಗ ಹಿಂದಿನ ಸ್ಲ್ಯಾಷರೇ ಮುಂದಿನದಾಗುತ್ತದೆ, ಗಾಲಿ ಕತ್ತರಿಸಿದ ನೆಲದ ಮೇಲೆ ಬರುತ್ತದೆ. ಕತ್ತು ನೋವು ಇದ್ದೇ ಇದೆ, ಮತ್ತು ಹಿಂದೆ ಯಾರೂ ನಿಂತಿಲ್ಲವೆಂಬುದನ್ನು ಪ್ರತಿ ಸಲವೂ ನೋಡಿಕೊಳ್ಳಲೇಬೇಕು. ರೊಟವೇಟರಿನಲ್ಲಿ ಮಾತ್ರ ಇದನ್ನು ಮಾಡಬಾರದು; ಅದನ್ನು ಎತ್ತಿ, ಪಿಟಿಒ ನಿಲ್ಲಿಸಿದ ಮೇಲೆಯೇ ಹಿಂದಕ್ಕೆ ಸರಿಯಬೇಕು. ಮರದ ಬುಡದವರೆಗೆ ತಲುಪಬೇಕಾದರೆ ಪಕ್ಕಕ್ಕೆ ಸರಿಸಬಹುದಾದ, ತೂಗಾಡುವ ಸಣ್ಣ ಬ್ಲೇಡುಗಳ ಹಿಂದಿನ ಫ್ಲೇಲ್ ಕಟ್ಟರ್ ಸ್ಲ್ಯಾಷರಿಗಿಂತ ಉತ್ತಮ. ಅದು ಕಲ್ಲು ಎಸೆಯುವುದೂ ಕಡಿಮೆ.

ಅಡಿಕೆ ತೋಟದೊಳಗೆ ಜಾಗದ ಲೆಕ್ಕವೂ ಇದೆ. ಶಿಫಾರಸಿನಂತೆ 2.7 ಮೀಟರ್, ಅಂದರೆ ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟದಲ್ಲಿ 1.2 ಮೀಟರ್ ಅಗಲದ ಸಲಕರಣೆ ನೆಟ್ಟಗಿನ ಸಾಲಿನಲ್ಲಿ ಸುಖವಾಗಿ ಹೋಗುತ್ತದೆ. ತೊಂದರೆ ಇರುವುದು ತಿರುವಿನಲ್ಲಿ. ಟ್ರಾಕ್ಟರನ್ನು ಬಲಕ್ಕೆ ತಿರುಗಿಸಿದಾಗ ಹಿಂದಿನ ಸಲಕರಣೆಯ ಬಾಲ ಎಡಕ್ಕೆ ಬೀಸುತ್ತದೆ. ಹಿಂದಿನ ಆಕ್ಸಲ್ಲಿನ ನಡುಭಾಗ 2.5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದ್ದು, ಸಲಕರಣೆ ಆಕ್ಸಲ್ಲಿನಿಂದ 1.2 ಮೀಟರ್ ಹಿಂದಕ್ಕೆ ಚಾಚಿದ್ದರೆ, ಅದರ ಹೊರಮೂಲೆ ಗಾಲಿಯ ಹೊರ ಅಂಚಿಗಿಂತ ಒಂದು ಗೇಣಿಗೂ ಹೆಚ್ಚು ಆಚೆಗೆ ಹೋಗುತ್ತದೆ. ಗಾಲಿ ಮರವನ್ನು ದಾಟಿತೆಂದು ನಾವು ನಿಶ್ಚಿಂತರಾಗಿರುವಾಗ ಬಾಲ ಮರಕ್ಕೆ ಬಡಿಯುತ್ತದೆ. ನಮ್ಮ ತೋಟದ ಮೇಲಿನ ತುದಿಯ ಮೂರು ಮರಗಳಲ್ಲಿ ಮೊಣಕಾಲೆತ್ತರದಲ್ಲಿ ಒಂದೇ ಮಟ್ಟಕ್ಕೆ ಅಂಗೈಯಗಲದ ಗಾಯಗಳಿವೆ, ಮೂರೂ ಎಡಗಡೆಯ ಸಾಲಿನಲ್ಲಿ; ನಾನು ಬಲಕ್ಕೆ ತಿರುಗುತ್ತಿದ್ದೆನೆಂಬುದಕ್ಕೆ ಅವೇ ಸಾಕ್ಷಿ. ಅಡಿಕೆ ತಾಳೆಯ ಜಾತಿಯ ಮರ. ಮಾವು ಹಲಸಿನಂತೆ ತೊಗಟೆ ಬೆಳೆದು ಗಾಯ ಮುಚ್ಚುವುದು ಅದಕ್ಕೆ ಸಾಧ್ಯವಿಲ್ಲ, ಆದ ಗಾಯ ಮರ ಇರುವವರೆಗೂ ಹಾಗೆಯೇ ಉಳಿಯುತ್ತದೆ.

ಮುಂದಿನ ಸಲಕರಣೆ ಇಲ್ಲಿ ಉತ್ತಮವೆಂದು ಅನಿಸಬಹುದು, ಆದರೆ ಲೆಕ್ಕ ಹಾಕಿದರೆ ಅದಕ್ಕೆ ಬೇಕಾಗುವ ಜಾಗ ಇನ್ನೂ ಹೆಚ್ಚು. ಮುಂದಿನ ಆಕ್ಸಲ್ಲಿನಿಂದ 1.2 ಮೀಟರ್ ಮುಂದೆ ಚಾಚಿದ, ಅಷ್ಟೇ ಅಗಲದ ಯಂತ್ರ ಅದೇ ತಿರುವಿನಲ್ಲಿ ಖಾಲಿ ಟ್ರಾಕ್ಟರಿನ ಮೂತಿಗಿಂತ ಒಂದು ಮೊಳಕ್ಕೂ ಹೆಚ್ಚು ಹೊರಗೆ ಬೀಸುತ್ತದೆ. ವ್ಯತ್ಯಾಸವೆಂದರೆ ಮುಂದಿನದು ಬೀಸುವುದು ನಮ್ಮ ಕಣ್ಣೆದುರಿಗೆ, ಹಿಂದಿನದು ಬೆನ್ನ ಹಿಂದೆ. ಅಂತೂ ಸಾಲಿನ ತುದಿಯಲ್ಲಿ ಸಲಕರಣೆ ಎತ್ತಿ, ಸ್ವಲ್ಪ ಮುಂದೆ ಹೋಗಿ, ಬಾಲ ಮರ ದಾಟಿದ ಮೇಲೆಯೇ ಸ್ಟೇರಿಂಗ್ ತಿರುಗಿಸುವುದು ಕಲಿತರೆ ಹಿಂದಿನದರಲ್ಲಿ ತೊಂದರೆಯಿಲ್ಲ. ಬುಡದ ಹತ್ತಿರ ರೊಟವೇಟರ್ ಹಾಯಿಸುವುದು ಬೇರೆಯೇ ತಪ್ಪು. ಅಡಿಕೆಯ ಹೆಚ್ಚಿನ ಬೇರುಗಳು ಬುಡದಿಂದ ಒಂದು ಮೀಟರಿನೊಳಗೇ ಇರುತ್ತವೆ. ಹಳೆಯ ಕಣಿವೆ ತೋಟಗಳಲ್ಲಿ, ಎರಡು ಸಾಲಿಗೊಂದು ಬಸಿಗಾಲುವೆ ಇದ್ದು ದಬ್ಬೆಯ ಸಂಕ ದಾಟಿ ಓಡಾಡುವಲ್ಲಿ, ಈ ಚರ್ಚೆಯೇ ಅನಗತ್ಯ. ಅಲ್ಲಿ ಹೆಗಲಿಗೇರುವ ಬ್ರಷ್ ಕಟ್ಟರೇ ಗತಿ. ಮಿನಿ ಟ್ರಾಕ್ಟರಿನ ಮಾತು ಗದ್ದೆ, ಮಕ್ಕಿ ಮತ್ತು ಹೊಸದಾಗಿ ಅಂತರ ಬಿಟ್ಟು ನೆಟ್ಟ ತೋಟಗಳಿಗೆ ಸಲ್ಲುವಂಥದು.

ಉಳಿದ ಸಲಕರಣೆಗಳ ವಿಷಯ ಚಿಕ್ಕದು. ಗುಂಡಿ ತೋಡುವ ಆಗರ್ ಹಿಂದೆಯೇ ಸರಿ; ನಮ್ಮ ಜಂಬಿಟ್ಟಿಗೆ ನೆಲದಲ್ಲಿ, ಹೊರೆ ಮೀರಿದಾಗ ತಾನು ಮುರಿದು ಯಂತ್ರವನ್ನು ಉಳಿಸುವ ಶಿಯರ್ ಬೋಲ್ಟ್ ಮುರಿಯುತ್ತಲೇ ಇರುತ್ತದೆ, ಜೇಬಿನಲ್ಲಿ ನಾಲ್ಕು ಹೆಚ್ಚು ಇಟ್ಟುಕೊಳ್ಳಬೇಕು, ಮತ್ತು ಮುರಿದ ಸಿಟ್ಟಿಗೆ ಗಟ್ಟಿ ಬೋಲ್ಟ್ ಹಾಕಬಾರದು, ಏಕೆಂದರೆ ಆಗ ಮುರಿಯುವುದು ಗೇರ್ ಬಾಕ್ಸ್. ಮಳೆಗಾಲದ ನಂತರ ಕೊರಕಲು ಬಿದ್ದ ಮನೆಯ ದಾರಿಯನ್ನು ಸರಿಮಾಡಲು ಹಿಂದಿನ ಬ್ಲೇಡು ಲೋಡರ್ ಬಕೆಟ್ಟಿಗಿಂತ ನಯವಾಗಿ ಕೆಲಸ ಮಾಡುತ್ತದೆ. ಬಕೆಟ್ಟು ಬಿಟ್ಟ ಉಬ್ಬನ್ನು ಮುಂದಿನ ಗಾಲಿ ಹತ್ತಿದಾಗ ಬಕೆಟ್ಟೂ ಮೇಲೇಳುತ್ತದೆ, ಇಳಿದಾಗ ನೆಲ ಅಗೆಯುತ್ತದೆ, ದಾರಿ ಅಲೆಯಲೆಯಾಗುತ್ತದೆ.

ಕೊಳ್ಳುವ, ಎರವಲು ತರುವ ವ್ಯವಹಾರದಲ್ಲಿಯೂ ಹಿಂದಿನದೇ ಮೇಲು. ಮೂರು ಕೊಂಡಿಯ ಪಿನ್ನುಗಳಿಗೆ ಅಳತೆಯ ವರ್ಗಗಳಿವೆ. ಕೆಟಗರಿ ಒಂದರಲ್ಲಿ ಕೆಳಪಿನ್ನು 22 ಮಿಲಿಮೀಟರ್, ಟಾಪ್ ಲಿಂಕಿನದು 19 ಮಿಲಿಮೀಟರ್. ಈ ಅಳತೆ ಹೊಂದಿದರೆ ನೆರೆಮನೆಯ ಸಲಕರಣೆಯೋ ಕೃಷಿ ಯಂತ್ರಧಾರೆ ಕೇಂದ್ರದ ಬಾಡಿಗೆ ಸಲಕರಣೆಯೋ ನಮ್ಮ ಟ್ರಾಕ್ಟರಿಗೆ ಸಿಕ್ಕಿಕೊಳ್ಳುತ್ತದೆ, ಅಗಲವೂ ತೂಕವೂ ನಮ್ಮ ಲಿಫ್ಟಿನ ಮಿತಿಯೊಳಗಿದ್ದರೆ. ದೊಡ್ಡ ಟ್ರಾಕ್ಟರಿನ ಆರಡಿ ರೊಟವೇಟರ್ ಪಿನ್ನಿಗೆ ಸರಿಹೋಯಿತೆಂದು ಮಿನಿಗೆ ಕಟ್ಟುವವರೂ ಇದ್ದಾರೆ. ಒಂದು ಮಾದರಿಗೆ ಮಾಡಿಸಿದ ಲೋಡರ್ ಮಾತ್ರ ಇನ್ನೊಂದು ಮಾದರಿಗೆ ಸಾಮಾನ್ಯವಾಗಿ ಕೂರುವುದಿಲ್ಲ, ಟ್ರಾಕ್ಟರ್ ಮಾರುವಾಗ ಅದನ್ನೂ ಜೊತೆಗೇ ಮಾರಬೇಕು.

ಇಳಿಜಾರಿನಲ್ಲಿ ಓಡಾಡುವವರಿಗೆ ಮುಂದಿನದಾಗಲಿ ಹಿಂದಿನದಾಗಲಿ ಅನ್ವಯಿಸುವ ಕ್ರಮ ಒಂದಿದೆ: ಭಾರ ಯಾವ ಕಡೆಗಿದೆಯೋ ಆ ಕಡೆ ಏರಿನತ್ತ ಇರಬೇಕು. ಲೋಡರ್ ತುಂಬಿದ್ದರೆ ಮುಂದಾಗಿ ಹತ್ತಿ, ರಿವರ್ಸಿನಲ್ಲಿ ಇಳಿಯಬೇಕು, ಬಕೆಟ್ಟು ನೆಲಕ್ಕೆ ಗೇಣುದ್ದದಷ್ಟೇ ಮೇಲಿರಬೇಕು. ಹಿಂದೆ ಭಾರವಾದ ಸಲಕರಣೆ ಇದ್ದು ಏರು ಕಡಿದಾಗಿದ್ದರೆ ರಿವರ್ಸಿನಲ್ಲಿ ಹತ್ತುವುದೇ ಕ್ಷೇಮ. ಹೊರೆಯೊಂದಿಗೆ ಅಡ್ಡ ಇಳಿಜಾರಿನಲ್ಲಿ ಹೋಗದಿರುವುದು ಎಲ್ಲಕ್ಕಿಂತ ಒಳ್ಳೆಯದು. ಬಿದ್ದ ಮರವನ್ನೋ ಹೂತುಹೋದ ಜೀಪನ್ನೋ ಎಳೆಯುವಾಗ ಸರಪಳಿಯನ್ನು ಟಾಪ್ ಲಿಂಕಿನ ಗೂಟಕ್ಕೆ ಕಟ್ಟುವುದು ಪ್ರಾಣಕ್ಕೆ ಕುತ್ತು. ಎಳೆತ ಆಕ್ಸಲ್ಲಿಗಿಂತ ಮೇಲೆ ಬಿದ್ದರೆ ಟ್ರಾಕ್ಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಕ್ಕೆ ಮಗುಚುತ್ತದೆ. ಅದನ್ನು ಕಟ್ಟಬೇಕಾದದ್ದು ಕೆಳಗಿನ ಡ್ರಾಬಾರಿಗೆ, ಅಂದರೆ ಎಳೆಯುವುದಕ್ಕೆಂದೇ ಇರುವ ಕಬ್ಬಿಣದ ಪಟ್ಟಿಗೆ. ಚಾಲಕನ ಹಿಂದಿನ ಕಬ್ಬಿಣದ ಕಮಾನು, ಅಡಿಕೆ ಸೋಗೆಗೆ ತಾಗುತ್ತದೆಂದು ಎಷ್ಟೋ ಮಂದಿ ಬಿಚ್ಚಿ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟಿರುವುದು, ಇರುವುದೇ ಆ ಕ್ಷಣಕ್ಕಾಗಿ. ಅದು ಇದ್ದಾಗ ಸೀಟ್ ಬೆಲ್ಟ್ ಹಾಕಿರಬೇಕು.

ತಮ್ಮ ಟ್ರಾಕ್ಟರಿನ ತೂಕದ ಹಂಚಿಕೆ ಗೊತ್ತಿಲ್ಲದವರು ಒಂದು ದಿನ ಪೇಟೆಗೆ ಹೋದಾಗ ಲಾರಿ ತೂಗುವ ವೇಬ್ರಿಡ್ಜಿಗೆ ಅದನ್ನು ಒಯ್ಯಬಹುದು. ಮೊದಲು ಸಲಕರಣೆ ಇಲ್ಲದೆ ಇಡೀ ಟ್ರಾಕ್ಟರನ್ನು ತೂಗಿಸಿ, ಆಮೇಲೆ ಮುಂದಿನ ಗಾಲಿಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಬರೆದುಕೊಳ್ಳಬೇಕು. ನಂತರ ಸಲಕರಣೆ ಕಟ್ಟಿ, ಪೂರ್ತಿ ಎತ್ತಿ, ಮತ್ತೆ ಮುಂದಿನ ಗಾಲಿಗಳನ್ನು ಮಾತ್ರ ತೂಗಿಸಬೇಕು. ನಾನು ಹೀಗೆ ತೂಗಿಸಿದಾಗ ವೇಬ್ರಿಡ್ಜಿನ ಹುಡುಗ ಅಡಿಕೆ ಚೀಲ ಎಲ್ಲಿ ಎಂದು ಹಿಂದೆ ಮುಂದೆ ಹುಡುಕಿದ್ದ. ಅವನು ಕೊಟ್ಟ ಮೂರು ಚೀಟಿಗಳನ್ನು ಟ್ರಾಕ್ಟರಿನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ಹೊಸ ಸಲಕರಣೆ ತೋರಿಸಲು ಬಂದವರಿಗೆ ಮೊದಲು ಕೇಳುವುದು ಅದರ ತೂಕ, ಆಮೇಲೆ ಅದು ಆಕ್ಸಲ್ಲಿನಿಂದ ಎಷ್ಟು ದೂರ ಚಾಚುತ್ತದೆ ಎಂಬುದು, ಬೆಲೆ ಮೂರನೆಯದು.